ಮಿಕ್ಕಿದ್ದನ್ನು ಕೊಟ್ಟರೆ ಸಾಕೇ?

ದಾನ ಎಂದರೆ ಥಟ್ಟನೆ ನೆನಪಾಗುವುದು ದೊಡ್ಡ ಮೊತ್ತ, ಗೋಡೆಯ ಮೇಲಿನ ಹೆಸರು. ಬೈಬಲಿನ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದ ಲೆಕ್ಕವೇ ಬೇರೆ. ಜೆರುಸಲೇಮಿನ ದೇವಾಲಯದಲ್ಲಿ ಶ್ರೀಮಂತರು ಕಾಣಿಕೆ ಸುರಿಯುತ್ತಿರುವಾಗ ಬಡ ವಿಧವೆಯೊಬ್ಬಳು ಎರಡು ಪುಟ್ಟ ನಾಣ್ಯ ಹಾಕುತ್ತಾಳೆ. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅವಳೇ ಎನ್ನುತ್ತಾರೆ ಯೇಸು. ಉಳಿದವರು ಕೊಟ್ಟದ್ದು ಮಿಕ್ಕಿದ್ದರಲ್ಲಿ. ಅವಳು ಕೊಟ್ಟದ್ದು ಹೊಟ್ಟೆಪಾಡಿಗೆ ಇದ್ದಷ್ಟನ್ನೂ.

ಕೊಡುವುದು ಹಣವೇ ಆಗಬೇಕಿಲ್ಲ. ನಮ್ಮ ಕನಕಪುರ ತಾಲ್ಲೂಕಿನ ಹಾರೋಬೆಲೆಯನ್ನೇ ನೋಡಿ. ಕ್ರೈಸ್ತರೇ ಹೆಚ್ಚಾಗಿರುವ ಈ ಹಳ್ಳಿಯ ಮನೆಗಳಿಂದ ಅನೇಕರು ಗುರುಗಳಾಗಿ, ಕನ್ಯಾಸ್ತ್ರೀಯರಾಗಿ ಹೋಗಿದ್ದಾರೆ. ಕನ್ಯಾಸ್ತ್ರೀಯರು ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಡುತ್ತಾರೆ. ಟೀಚರ್ ಆದರೂ ನರ್ಸ್ ಆದರೂ ಬರುವ ಸಂಬಳ ಅವರ ಸಂಸ್ಥೆಗೆ ಸೇರುತ್ತದೆ, ತವರಿಗಲ್ಲ.

ನಾನು ಬಿ.ಇ. ಓದುತ್ತಿದ್ದೇನೆ. ನನಗೆ ಕೆಲಸ ಸಿಕ್ಕರೆ ಮನೆ ಸಾಲ ತೀರುತ್ತದೆ ಎಂದು ಅಮ್ಮ ಈಗಲೇ ಲೆಕ್ಕ ಹಾಕಿದ್ದಾಳೆ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮಂಥ ಎಷ್ಟೋ ಮನೆಗಳು ನಿಂತಿರುವುದೇ ಆ ಭರವಸೆಯ ಮೇಲೆ. ಆ ಭರವಸೆಯನ್ನೇ ಕಾಣಿಕೆಯಾಗಿ ಕೊಟ್ಟ ಅಪ್ಪ ಅಮ್ಮಂದಿರ ಹೆಸರು ಯಾವ ರಸೀದಿಯಲ್ಲೂ ಇರುವುದಿಲ್ಲ. ಹೊಲದಲ್ಲಿ ಕಡಿಮೆಯಾದ ಎರಡು ಕೈಗಳ ಕೆಲಸವನ್ನೂ ಅವರೇ ಮಾಡುತ್ತಾರೆ.

ಅಷ್ಟು ದೊಡ್ಡ ತ್ಯಾಗ ಎಲ್ಲರಿಂದಲೂ ಆಗದು. ಈಸ್ಟರ್‌ಗೆ ಮುಂಚಿನ 40 ದಿನಗಳ ತಪಸ್ಸುಕಾಲದಲ್ಲಿ ಎಷ್ಟೋ ಕ್ರೈಸ್ತರು ತಮಗಿಷ್ಟವಾದ ಊಟ ತಿಂಡಿ ಬಿಟ್ಟು, ಉಳಿದ ಹಣವನ್ನು ಬಡವರಿಗೆ ಕೊಡುತ್ತಾರೆ. ಇದು ಯಾವ ಧರ್ಮದ ಹುಡುಗ ಹುಡುಗಿಯರಿಗೂ ಸಾಧ್ಯ. ತಿಂಗಳ ಕೊನೆಯಲ್ಲಿ ಉಳಿದ ಚಿಲ್ಲರೆಯನ್ನಲ್ಲ, ಸಿನಿಮಾಕ್ಕೆಂದು ಎತ್ತಿಟ್ಟದ್ದನ್ನು ಗೆಳೆಯನ ಪರೀಕ್ಷಾ ಶುಲ್ಕಕ್ಕೆ ಕೊಟ್ಟು ನೋಡೋಣ. ಸ್ವಲ್ಪ ಕಷ್ಟವೆನಿಸಿದರೆ, ನಿಜವಾಗಿ ಕೊಟ್ಟಿದ್ದೇವೆ ಎಂದರ್ಥ.