ಪರದೇಶದ ವಿದ್ಯಾರ್ಥಿಗೊಂದು ಸೂರು

ಆಗಸ್ಟ್ ಮಾಸ ಕಾಲಿಟ್ಟಿತೆಂದರೆ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಪರದೇಶದಿಂದ ಬಂದಿಳಿಯುವ ವಿದ್ಯಾರ್ಥಿಗಳನ್ನು ಎದುರುಗೊಳ್ಳುವ ಸಡಗರ. ವೀಸಾದ ಕಾಗದಪತ್ರಗಳನ್ನು ಪರಿಶೀಲಿಸುವವರು, ಬ್ಯಾಂಕಿನಲ್ಲಿ ಖಾತೆ ತೆರೆಯುವ ಬಗೆಯನ್ನು ತಿಳಿಸುವವರು, ಗ್ರಂಥಾಲಯದ ದಾರಿಯನ್ನು ತೋರಿಸುವ ಹಿರಿಯ ವಿದ್ಯಾರ್ಥಿಗಳು, ಇವರೆಲ್ಲರ ನೆರವಿನಿಂದ ಸ್ವಾಗತವೆಂಬುದು ಅಲ್ಲಿ ಈಗ ಕಚೇರಿಯ ನಿತ್ಯಕರ್ಮಗಳಲ್ಲಿ ಒಂದಾಗಿಹೋಗಿದೆ. ಇಂಥ ಏರ್ಪಾಡುಗಳು ಬಹುಮಟ್ಟಿಗೆ ಇಲ್ಲದಿದ್ದ ಕಾಲದಲ್ಲಿ, ಒಬ್ಬ ಗೃಹಸ್ಥನ ಮನೆಯ ಪಡಸಾಲೆಯಿಂದ ಮೊದಲಾಗಿ, ಮುಂದೆ ಹಲವು ನಗರಗಳಲ್ಲಿ ಭವ್ಯ ಭವನಗಳಾಗಿ ಬೆಳೆದ ಸಂಸ್ಥೆ ‘ಇಂಟರ್‌ನ್ಯಾಷನಲ್ ಹೌಸ್’.

1909ರಲ್ಲಿ, ನ್ಯೂಯಾರ್ಕಿನ ವೈ.ಎಂ.ಸಿ.ಎ. ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಎಡ್ಮಂಡ್ಸ್ ಎಂಬವರು ಕೊಲಂಬಿಯಾ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಮೆಟ್ಟಿಲುಗಳ ಮೇಲೆ ಎದುರಾದ ಚೀನಾದ ವಿದ್ಯಾರ್ಥಿಯೊಬ್ಬನಿಗೆ, ಯಾರಾದರೂ ಹೇಳುವಂತೆ, ಶುಭೋದಯವೆಂದರು. ಆ ತರುಣನು ನಿಂತು, ತಾನು ಈ ನಗರಕ್ಕೆ ಬಂದು ಮೂರು ವಾರಗಳಾದುವೆಂದೂ ಇಷ್ಟು ದಿನಗಳಲ್ಲಿ ತನ್ನೊಡನೆ ತಾವಾಗಿ ಮಾತನಾಡಿದವರಲ್ಲಿ ಇವರೇ ಮೊದಲಿಗರೆಂದೂ ತಿಳಿಸಿದನಂತೆ. ಎಡ್ಮಂಡ್ಸರು ಮನೆಗೆ ಹೋಗಿ ಈ ಸಂಗತಿಯನ್ನು ಪತ್ನಿ ಫ್ಲಾರೆನ್ಸರಿಗೆ ಹೇಳಲು, ಆ ಸಾಧ್ವಿಯು ಬರಿಯ ಮರುಕದಲ್ಲಿ ತೃಪ್ತಳಾಗದೆ, ನಾವು ಇದಕ್ಕೆ ಏನು ಮಾಡಬಹುದೆಂದು ಕೇಳಿದಳು. ಅಲ್ಲಿಂದ ಮುಂದೆ ಪರದೇಶದ ವಿದ್ಯಾರ್ಥಿಗಳಿಗೆ ಅವರ ಮನೆಯ ಬಾಗಿಲು ತೆರೆಯಿತು. ಬಡ ವಿದ್ಯಾರ್ಥಿಗೆ ವಾರಕ್ಕೊಂದು ದಿನ ಎಲೆ ಹಾಕುತ್ತಿದ್ದ ನಮ್ಮ ಹಿಂದಿನವರ ವಾರಾನ್ನದ ಪದ್ಧತಿಯನ್ನು ಬಲ್ಲವರಿಗೆ ಈ ಔದಾರ್ಯವು ಅಪರಿಚಿತವೆನಿಸದು. ಆದರೆ ನಮ್ಮಲ್ಲಿ ನೀಗುತ್ತಿದ್ದುದು ಹಸಿವು, ಅಲ್ಲಿ ನೀಗಬೇಕಾಗಿದ್ದುದು ಏಕಾಂತ. ಬರುವವರ ಸಂಖ್ಯೆ ಹೆಚ್ಚಿದಂತೆ ಮನೆ ಸಾಲದಾಯಿತು. ಕಾಸ್ಮೊಪಾಲಿಟನ್ ಕ್ಲಬ್ ಎಂಬ ಕೂಟ ರೂಪುಗೊಂಡಿತು. ಕೂಟಕ್ಕೂ ಒಂದು ಕಟ್ಟಡ ಬೇಕಾಯಿತು.

ಧನಿಕ ಜಾನ್ ಡಿ. ರಾಕ್‌ಫೆಲರ್ ಕಿರಿಯರ ದ್ರವ್ಯಸಹಾಯದಿಂದಲೂ ಡಾಡ್ಜ್ ಮನೆತನದವರ ಬೆಂಬಲದಿಂದಲೂ, ಹಡ್ಸನ್ ನದಿಯ ಸಮೀಪದ ರಿವರ್‌ಸೈಡ್ ಡ್ರೈವ್‌ನಲ್ಲಿ, ಸುಮಾರು ಐನೂರು ವಿದ್ಯಾರ್ಥಿಗಳು ವಾಸಿಸಬಲ್ಲ ಭವನವು 1924ರಲ್ಲಿ ತೆರೆಯಿತು.

ಇಷ್ಟರಲ್ಲಿಯೇ ಕಥೆ ಮುಗಿದಿದ್ದರೆ ಇದೊಂದು ಸುಶೀಲ ದಾನಿಗಳ ವೃತ್ತಾಂತವಾಗಿ ಉಳಿಯುತ್ತಿತ್ತು. ಸಂಸ್ಥೆಯ ನಿಜವಾದ ಸತ್ತ್ವಪರೀಕ್ಷೆ ನಡೆದುದು ದೇಶದ ಪಶ್ಚಿಮ ತೀರದ ಬರ್ಕ್‌ಲಿಯಲ್ಲಿ. ಪೂರ್ವದಿಕ್ಕಿನ ದೇಶಗಳಿಂದ ವಿದ್ಯಾರ್ಥಿಗಳು ಹೆಚ್ಚಾಗಿ ಬರುತ್ತಿದ್ದ ಆ ಊರಿನಲ್ಲಿ ಬಿಳಿಯರಲ್ಲದವರಿಗೆ ಬಾಡಿಗೆಗೆ ಕೋಣೆ ದೊರೆಯುವುದೇ ದುರ್ಲಭವಾಗಿತ್ತು. ಎಡ್ಮಂಡ್ಸರು ನಿವೇಶನಕ್ಕಾಗಿ ಊರ ಹೊರಗಿನ ಯಾವುದೋ ನಿರುಪದ್ರವದ ಮೂಲೆಯನ್ನು ಹುಡುಕಲಿಲ್ಲ. ವಿದೇಶೀಯರನ್ನೂ ವರ್ಣೀಯರನ್ನೂ ಹೊಸಲಿನ ಹೊರಗೇ ನಿಲ್ಲಿಸುತ್ತಿದ್ದ ವಿದ್ಯಾರ್ಥಿಸಂಘಗಳ ಮನೆಗಳು ಸಾಲುಗೊಂಡಿದ್ದ ಪೀಡ್‌ಮಂಟ್ ಅವೆನ್ಯೂವನ್ನೇ, ಬುದ್ಧಿಪೂರ್ವಕವಾಗಿ, ಆರಿಸಿಕೊಂಡರು. ಸ್ತ್ರೀಪುರುಷರು ಒಂದೇ ಸೂರಿನಡಿ ಇರುವರೆಂಬುದು ಕೆಲವರಿಗೆ ಅಸಹ್ಯವಾದರೆ, ನಾನಾ ವರ್ಣದವರು ಕೂಡಿ ಇರುವರೆಂಬುದು ಇನ್ನೂ ಹಲವರಿಗೆ ಅಸಹ್ಯವಾಯಿತು. ಎಂಟು ನೂರಕ್ಕೂ ಮೀರಿದ ಜನ ಪ್ರತಿಭಟನೆಯ ಸಭೆಯಲ್ಲಿ ನೆರೆದರು. ಆ ವಿರೋಧದ ನಡುವೆ, ಓಕ್‌ಲೆಂಡಿನ ಪತ್ರಿಕೆಯಲ್ಲಿ ಅಂಕಣ ಬರೆಯುತ್ತಿದ್ದ ಕರಿಯ ಜನಾಂಗದ ಲೇಖಕಿ ಡಿಲೈಲಾ ಬೀಸ್ಲಿಯವರು ಈ ಯೋಜನೆಯ ಪರವಾಗಿ ವಾದಿಸಿದರು. ಭವನವು 1930ರ ಆಗಸ್ಟಿನಲ್ಲಿ, ವಾಸ್ತುಶಿಲ್ಪಿ ಜಾರ್ಜ್ ಕೆಲಹಮ್ ರಚಿಸಿದ ಸ್ಪ್ಯಾನಿಷ್ ಛಾಯೆಯ ಗುಮ್ಮಟದೊಡನೆ, ತೆರೆದೇ ತೆರೆಯಿತು.

ದಾರಿಯಲ್ಲಿ ಕಂಡವನಿಗೆ ನಮಸ್ಕಾರ ಹೇಳುವುದಕ್ಕೆ ಯಾರ ಗಂಟೂ ಕರಗುವುದಿಲ್ಲ. ಅವನ ಪಕ್ಕದ ಕೋಣೆಯಲ್ಲಿ ಮಲಗಿ, ಅವನು ಮಿಂದ ಮನೆಯಲ್ಲಿ ಮಿಂದು, ಅವನ ಪಂಕ್ತಿಯಲ್ಲಿ ಉಣ್ಣುವೆನೆಂಬುದು ಬೇರೆಯ ಮಾತು. ಇದನ್ನು ಓದಿ ಬರ್ಕ್‌ಲಿಯ ಆ ಜನರನ್ನು ಹಳಿಯಲು ಹೊರಡುವ ಮುನ್ನ, ನಮ್ಮ ಊರುಗಳಲ್ಲಿಯೂ ಎಷ್ಟೋ ವಿದ್ಯಾರ್ಥಿನಿಲಯಗಳು ಜಾತಿಗೊಂದರಂತೆ ಹುಟ್ಟಿದುವೆಂಬುದನ್ನೂ, ಅವುಗಳಿಂದ ಉಪಕಾರ ಅಪಾರವಾಗಿ ಆಯಿತಾದರೂ ಪಂಕ್ತಿಯ ಪ್ರಶ್ನೆಗೆ ಉತ್ತರವು ಅಲ್ಲಿ ಸಿಕ್ಕಲಿಲ್ಲವೆಂಬುದನ್ನೂ ಸ್ಮರಿಸುವುದು ನ್ಯಾಯ.

ಷಿಕಾಗೋದ ಭವನವು 1932ರಲ್ಲಿ ಆರಂಭವಾಯಿತು. ಪ್ಯಾರಿಸಿನ ವಿದ್ಯಾರ್ಥಿನಗರಿಯಲ್ಲಿ ಅದೇ ರಾಕ್‌ಫೆಲರರ ಹಣದಿಂದ ಕಟ್ಟಿದ ಅಂತರರಾಷ್ಟ್ರೀಯ ಭವನವು 1936ರಲ್ಲಿ ತೆರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಕ್‌ಲಿಯ ಮನೆಯನ್ನು ನೌಕಾಪಡೆಯವರು ಕೆಲವು ವರ್ಷ ತಮ್ಮ ಉಪಯೋಗಕ್ಕೆ ತೆಗೆದುಕೊಂಡಿದ್ದುದೂ ಉಂಟು.

ಈ ಭವನಗಳಲ್ಲಿ ಇರುವವರೆಲ್ಲರೂ ಪರದೇಶದವರೇ ಎಂದು ತಿಳಿಯಬಾರದು. ಹಾಗೆ ಮಾಡಿದ್ದಿದ್ದರೆ ಹೊಸಬರನ್ನು ಒಂದು ಕಡೆ ಗುಂಪುಗೂಡಿಸಿ ಊರಿನಿಂದ ಬೇರ್ಪಡಿಸಿದಂತೆಯೇ ಆಗುತ್ತಿತ್ತು. ಅಮೆರಿಕದ ವಿದ್ಯಾರ್ಥಿಗಳೂ ಅಲ್ಲಿ ವಾಸವಾಗಿರಬೇಕೆಂಬುದು ಮೊದಲಿನಿಂದ ಬಂದ ಸಂಕಲ್ಪ. ಆತಿಥೇಯನಿಗೂ ಅಭ್ಯಾಗತನಿಗೂ ಬಾಡಿಗೆಯ ಕೋಣೆಯೇ ಆದುದರಿಂದ, ಮನೆಯ ಯಜಮಾನಿಕೆ ಯಾರದೆಂಬ ತೊಡಕು ಹುಟ್ಟುವುದಿಲ್ಲ. ನ್ಯೂಯಾರ್ಕಿನದು ಕೊಲಂಬಿಯಾದ ಅಂಗವಲ್ಲ, ಸ್ವತಂತ್ರ ಸಂಸ್ಥೆ. ನಗರದ ಬೇರೆ ವಿದ್ಯಾಸಂಸ್ಥೆಗಳಲ್ಲಿ ಓದುವವರಿಗೂ, ವಿಶೇಷವಾಗಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ, ಅಲ್ಲಿ ಸ್ಥಳವುಂಟು. ಆದುದರಿಂದ ವಿಶ್ವವಿದ್ಯಾನಿಲಯದ ಪ್ರವೇಶ ದೊರೆತ ಮಾತ್ರಕ್ಕೆ ಅಲ್ಲಿ ಕೋಣೆ ದೊರೆಯುವುದಿಲ್ಲ. ಅದಕ್ಕೆ ಬೇರೆಯದೇ ಅರ್ಜಿ ಹಾಕಿಕೊಳ್ಳಬೇಕು.