ಚಾಚಿದ ಅಂಗೈಯ ಅರ್ಥವೇನು?
'ಸಕ್ಸೆಷನ್' ಎಂಬ ಅಮೆರಿಕದ ಧಾರಾವಾಹಿ 2023ರ ಮೇ 28ರಂದು ಮುಗಿಯಿತು. ತಂದೆ ಕಟ್ಟಿದ ಮಾಧ್ಯಮ ಸಂಸ್ಥೆಯ ಮಾರಾಟಕ್ಕೆ ಮಗಳು ಶಿವ್ ನಿರ್ಣಾಯಕ ಮತ ನೀಡುತ್ತಾಳೆ. ಅಣ್ಣ ಕೆಂಡಲ್‌ಗೆ ಗದ್ದುಗೆ ತಪ್ಪುತ್ತದೆ. ಅವಳ ಗಂಡ ಟಾಮ್ ಮುಖ್ಯಸ್ಥನಾಗುತ್ತಾನೆ. ಕಾರಿನಲ್ಲಿ ಅವನು ಅಂಗೈ ಚಾಚಿದಾಗ ಅವಳು ಅದರ ಮೇಲೆ ಕೈಯಿಡುತ್ತಾಳೆ, ಹಿಡಿಯುವುದಿಲ್ಲ.

ಶರಣಾಗತಿಯೆಂದರು ಕೆಲವು ಅಭಿಮಾನಿಗಳು. ಗರ್ಭಿಣಿಯು ಅಧಿಕಾರದ ಸಮೀಪ ಉಳಿಯುವ ಲೆಕ್ಕಾಚಾರವೆಂದರು ಹಲವರು. ಪದ್ಯದ ಭಾವಾರ್ಥಕ್ಕೆ ಸಾಲಿನ ಆಧಾರ ಕೊಡಿರೆಂದು ಮಕ್ಕಳನ್ನು ನಾವು ಕೇಳುವುದಿಲ್ಲವೇ? ಇಲ್ಲಿಯೂ ಅದೇ ಕಟ್ಟುನಿಟ್ಟು.

ಮತದ ಹಿಂದೆ ಬರೀ ಹೊಟ್ಟೆಕಿಚ್ಚಿತ್ತೆಂಬ ವಾದ ನಮಗೆ ಒಪ್ಪಿಗೆಯಿಲ್ಲ. ಯುವಕನೊಬ್ಬನ ಸಾವಿಗೆ ತಾನೇ ಕಾರಣನೆಂದು ಹಿಂದೊಮ್ಮೆ ತಮ್ಮ, ತಂಗಿಯರೆದುರು ಅತ್ತಿದ್ದ ಕೆಂಡಲ್, ಅಂದು ಅದು ನಡೆದೇ ಇಲ್ಲವೆನ್ನುತ್ತಾನೆ. ಹೊಯ್ದಾಡುತ್ತಿದ್ದ ಅವಳ ಮನಸ್ಸು ಗಟ್ಟಿಯಾದದ್ದು ಆಗಲೇ.