ಹೆಬ್ಬಾಗಿಲು ತೆರೆದಿಟ್ಟ ಚಾಂಪಿಯನ್ನರು

ಈ ಸಲದ ಮಾತು ಫುಟ್‌ಬಾಲ್ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಫುಟ್‌ಬಾಲ್‌ನಲ್ಲಿ ತಮ್ಮನ್ನು ಬಿಟ್ಟರೆ ಇಲ್ಲ ಎಂದು ಬೀಗುತ್ತಿದ್ದವರು ಹೇಗೆ ಮಣ್ಣು ಮುಕ್ಕಿದರು ಎಂಬುದರ ಬಗ್ಗೆ.

ಜರ್ಮನಿಯಲ್ಲಿ ಶಾಲೆಗೆ ಹೋದವರಿಗೆ ‘ಟೋರ್’ ಎಂಬ ಪದ ಗೊತ್ತಿರುತ್ತದೆ. ಜರ್ಮನ್ ಭಾಷೆಯಲ್ಲಿ ಗೋಲಿಗೂ ಅದೇ ಪದ, ಹೆಬ್ಬಾಗಿಲಿಗೂ ಅದೇ ಪದ. ಅದನ್ನೇ ಪುಲ್ಲಿಂಗ ಮಾಡಿ ಹೇಳಿದರೆ ಮೂರ್ಖ ಎಂಬ ಅರ್ಥವೂ ಬರುತ್ತದೆ. 2018ರ ವಿಶ್ವಕಪ್‌ನಲ್ಲಿ ಜರ್ಮನಿ ತಂಡ ಈ ಮೂರೂ ಅರ್ಥಗಳನ್ನು ಹತ್ತೇ ಹತ್ತು ದಿನಗಳಲ್ಲಿ ಆಡಿ ತೋರಿಸಿತು.

ಮೊದಲು ಅವರ ಜಂಬಕ್ಕೆ ಕಾರಣ ಏನಿತ್ತು ನೋಡೋಣ. 2014ರಲ್ಲಿ ಬ್ರೆಜಿಲ್ ತಂಡವನ್ನು ಅದರದೇ ನೆಲದಲ್ಲಿ 7–1ರಿಂದ ಸೋಲಿಸಿ, ಫೈನಲ್‌ನಲ್ಲಿ ಅರ್ಜೆಂಟೀನಾವನ್ನು ಮಣಿಸಿ ಕಪ್ ಗೆದ್ದವರು ಇವರು. 2018ರ ಅರ್ಹತಾ ಸುತ್ತಿನಲ್ಲಿ ಹತ್ತಕ್ಕೆ ಹತ್ತೂ ಪಂದ್ಯ ಗೆದ್ದರು, 43 ಗೋಲು ಹೊಡೆದರು. ಫಿಫಾ ರ್‍ಯಾಂಕಿಂಗ್‌ನಲ್ಲಿ ಮೊದಲ ಸ್ಥಾನ. ಕೋಚ್ ಯೋಆಕಿಮ್ ಲೋವ್ ಅವರ ಒಪ್ಪಂದವನ್ನು ವಿಶ್ವಕಪ್‌ಗೆ ಮುಂಚೆಯೇ, ಮೇ ತಿಂಗಳಲ್ಲಿ, 2022ರವರೆಗೆ ವಿಸ್ತರಿಸಿಯೂ ಆಗಿತ್ತು. ಪರೀಕ್ಷೆ ಬರೆಯುವ ಮುಂಚೆಯೇ ಸಿಹಿ ಹಂಚಿದ ಹಾಗೆ.

ಆಮೇಲೆ ರಷ್ಯಾದಲ್ಲಿ ಆಗಿದ್ದು ಇದು: ಮೂರು ಪಂದ್ಯ, ಹೊಡೆದ ಗೋಲು ಎರಡು, ಬಿಟ್ಟುಕೊಟ್ಟ ಗೋಲು ನಾಲ್ಕು, ಗುಂಪಿನಲ್ಲಿ ಕೊನೆಯ ಸ್ಥಾನ. 1938ರ ನಂತರ, ಅಂದರೆ 80 ವರ್ಷಗಳಲ್ಲಿ ಮೊದಲ ಬಾರಿಗೆ ಜರ್ಮನಿ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿತು.

ನಗುವುದಕ್ಕೆ ಮುಂಚೆ ಆಟದ ಒಂದು ಗುಟ್ಟು ತಿಳಿದುಕೊಳ್ಳೋಣ. ಅದು ಗೊತ್ತಿದ್ದರೆ ಇನ್ನೂ ಚೆನ್ನಾಗಿ ನಗಬಹುದು.

ಕಬಡ್ಡಿಯಲ್ಲಿ ರೈಡ್ ಮಾಡಲು ಒಬ್ಬ ಗೆರೆ ದಾಟುತ್ತಾನೆ, ಉಳಿದವರು ಹಿಂದೆ ನಿಂತು ತಮ್ಮ ಅಂಗಳ ಕಾಯುತ್ತಾರೆ. ಫುಟ್‌ಬಾಲ್‌ನಲ್ಲಿ ಅಂಥ ಕಟ್ಟುನಿಟ್ಟಿಲ್ಲ. ಯಾರು ಬೇಕಾದರೂ ಮುಂದೆ ಹೋಗಬಹುದು. ಆದರೆ ಹೋಗುವ ಮುಂಚೆ ಒಂದು ಲೆಕ್ಕ ಇರಬೇಕು: ಈಗ ಚೆಂಡು ಕೈತಪ್ಪಿದರೆ ಹಿಂದೆ ಯಾರಿದ್ದಾರೆ? ಎಷ್ಟು ಜನ ಇದ್ದಾರೆ? ಎಲ್ಲಿ ನಿಂತಿದ್ದಾರೆ? ದಾಳಿ ಮಾಡುತ್ತಿರುವಾಗಲೇ ರಕ್ಷಣೆಗೆಂದು ಹಿಂದೆ ಉಳಿಸಿಕೊಳ್ಳುವ ಈ ವ್ಯವಸ್ಥೆಗೆ ಜರ್ಮನ್ ಕೋಚ್‌ಗಳು ‘ರೆಸ್ಟ್‌ಫೆರ್ಟೈಡಿಗುಂಗ್’ ಎನ್ನುತ್ತಾರೆ. ‘ಉಳಿಕೆ ರಕ್ಷಣೆ’ ಎನ್ನಬಹುದು. ಪದವೇನೋ ಜರ್ಮನ್ನರದೇ. ರಷ್ಯಾಕ್ಕೆ ಹೊರಡುವಾಗ ಅದನ್ನು ಮನೆಯಲ್ಲೇ ಮರೆತು ಹೋದರು, ಅಷ್ಟೆ.

ಜೂನ್ 17, ಮಾಸ್ಕೋ. ಎದುರಾಳಿ ಮೆಕ್ಸಿಕೋ. 35ನೇ ನಿಮಿಷದಲ್ಲಿ ಜರ್ಮನಿಯ ಸಾಮಿ ಖೆದಿರಾ ಮೆಕ್ಸಿಕೋ ಪಾಳಯದಲ್ಲಿ ಚೆಂಡು ಕಳೆದುಕೊಂಡರು. ಬಲಬದಿಯ ರಕ್ಷಕ ಜೋಶುವಾ ಕಿಮಿಖ್ ಆಗ ರಕ್ಷಕರ ಸಾಲಿನಲ್ಲಿರಲಿಲ್ಲ, ಎಲ್ಲೋ ಮುಂದೆ ಇದ್ದರು. ಮೈದಾನದ ನಡುವೆ ಹವಿಯೆರ್ ಹೆರ್ನಾಂಡೆಸ್ ಚೆಂಡು ಕೊಟ್ಟು ಮರಳಿ ಪಡೆದರು. ತಡೆಯಲು ಮುಂದೆ ಬಂದ ಮಾಟ್ಸ್ ಹುಮ್ಮೆಲ್ಸ್ ಅವರನ್ನು ಅಷ್ಟರಲ್ಲೇ ದಾಟಿಯಾಗಿತ್ತು. ಮುಂದೆ ಎದುರಿಗೆ ಇದ್ದದ್ದು ಬರೀ ಹುಲ್ಲು. ಎಡಗಡೆ ಓಡಿಬರುತ್ತಿದ್ದ ಹಿರ್ವಿಂಗ್ ಲೊಸಾನೊಗೆ ಚೆಂಡು ಸಿಕ್ಕಿತು. ಅವರು ಒಳಕ್ಕೆ ತಿರುಗಿ ಒದ್ದರು, ಗೋಲ್. ಕೊನೆಗೆ 0–1.

ಆ ಕ್ಷಣದಲ್ಲಿ ಲೊಸಾನೊ ಎದುರು ನಿಂತಿದ್ದ ಜರ್ಮನ್ ಆಟಗಾರ ಯಾರು ಗೊತ್ತೇ? ಮೆಸುಟ್ ಓಜಿಲ್. ಗೋಲಿಗೆ ಪಾಸ್ ಒದಗಿಸುವುದು ಓಜಿಲ್ ಕೆಲಸ, ಬಾಗಿಲು ಕಾಯುವುದಲ್ಲ. ಕಾಯಬೇಕಾದವರು ಇಲ್ಲವಲ್ಲ ಎಂದು ಅಷ್ಟು ದೂರ ಹಿಂದಕ್ಕೆ ಓಡಿಬಂದಿದ್ದರು. ಈ ಚಿತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಟಿ.ವಿ. ಪರದೆಯಲ್ಲಿ ಕಾಣಿಸಿದ್ದು ಓಡಿಬಂದು ಸೋತವನು. ಬಾರದೇ ಇದ್ದವರು ಪರದೆಯಲ್ಲೇ ಇಲ್ಲ.

ಪಂದ್ಯ ಮುಗಿದ ಮೇಲೆ ಹುಮ್ಮೆಲ್ಸ್ ಬಹಿರಂಗವಾಗಿಯೇ ದೂರಿದರು: ಎಷ್ಟೋ ಸಲ ಹಿಂದೆ ತಾನು ಮತ್ತು ಜೆರೋಮ್ ಬೋಟೆಂಗ್ ಇಬ್ಬರೇ ಇದ್ದೆವು ಎಂದು. ಮದುವೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತು, ಬಡಿಸಲು ಇಬ್ಬರನ್ನು ಬಿಟ್ಟ ಹಾಗೆ.

ಜೂನ್ 23, ಸೋಚಿ. ಸ್ವೀಡನ್ ವಿರುದ್ಧದ ಈ ಪಂದ್ಯಕ್ಕೆ ಕೋಚ್ ಓಜಿಲ್ ಅವರನ್ನು ಹೊರಗೆ ಕೂರಿಸಿದರು. ಸರಿ, ಈಗಲಾದರೂ ಬಾಗಿಲು ಮುಚ್ಚಿತೇ? ಇಲ್ಲ. 32ನೇ ನಿಮಿಷದಲ್ಲಿ ಟೋನಿ ಕ್ರೂಸ್ ಕೊಟ್ಟ ತಪ್ಪು ಪಾಸ್ ಸ್ವೀಡನ್‌ನವರ ಕಾಲಿಗೆ ಸಿಕ್ಕಿತು. ಓಲಾ ಟೊಯಿವೊನೆನ್ ಗೋಲ್‌ಕೀಪರ್ ಮಾನುಯೆಲ್ ನೊಯರ್ ತಲೆಯ ಮೇಲಿಂದ ಚೆಂಡನ್ನು ಮೆಲ್ಲಗೆ ಎತ್ತಿ ಹಾಕಿದರು. ಆಮೇಲೆ ಮಾರ್ಕೊ ರೊಯ್ಸ್ ಸಮ ಮಾಡಿದರು, ಬೋಟೆಂಗ್ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು, 95ನೇ ನಿಮಿಷದಲ್ಲಿ ಅದೇ ಕ್ರೂಸ್ ಅದ್ಭುತವಾದ ಫ್ರೀಕಿಕ್ ಹೊಡೆದು 2–1ರಿಂದ ಗೆಲ್ಲಿಸಿದರು. ಆ ಗೋಲು ನಿಜಕ್ಕೂ ಸುಂದರ. ಆದರೆ ಅದು ಸೋರುವ ಮಾಳಿಗೆಗೆ ಹೊಡೆದ ಚಂದದ ಬಣ್ಣ.

ಜೂನ್ 27, ಕಜಾನ್. ದಕ್ಷಿಣ ಕೊರಿಯಾ ಆಗಲೇ ಎರಡು ಪಂದ್ಯ ಸೋತಿತ್ತು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೊತ್ತು ಚೆಂಡು ಜರ್ಮನ್ನರ ಬಳಿಯೇ ಇತ್ತು. ಇಟ್ಟುಕೊಂಡು ಏನು ಮಾಡಬೇಕೆಂದು ಮಾತ್ರ ತೋಚಲಿಲ್ಲ. ಹೆಚ್ಚುವರಿ ಸಮಯದ ಮೂರನೇ ನಿಮಿಷಕ್ಕೆ ಕಾರ್ನರ್‌ನಿಂದ ಬಂದ ಚೆಂಡನ್ನು ಕಿಮ್ ಯಂಗ್‌ಗ್ವಾನ್ ಒಳಗೆ ಹಾಕಿದರು. ಲೈನ್ಸ್‌ಮನ್ ಆಫ್‌ಸೈಡ್ ಬಾವುಟ ಎತ್ತಿದರು. ವಿಡಿಯೊ ನೋಡಿದರೆ ಚೆಂಡು ಅವರಿಗೆ ಬಂದದ್ದು ಜರ್ಮನ್ ಆಟಗಾರನ ಕಾಲಿನಿಂದ! ಗೋಲು ಕೊಡಲೇಬೇಕಾಯಿತು.

ಇನ್ನು ಕೊನೆಯ ದೃಶ್ಯ. ಗೋಲ್‌ಕೀಪರ್ ನೊಯರ್ ತಮ್ಮ ಬಾಗಿಲು ಬಿಟ್ಟು ಎದುರಾಳಿಯ ಅರ್ಧಕ್ಕೇ ಹೋಗಿ ಮಿಡ್‌ಫೀಲ್ಡರ್ ಆದರು. ಅಲ್ಲಿ ಚೆಂಡು ಕಳೆದುಕೊಂಡರು. ಕೊರಿಯಾದವರು ಅದನ್ನು ಉದ್ದಕ್ಕೆ ಒದ್ದರು, ಸನ್ ಹ್ಯುಂಗ್‌ಮಿನ್ ಅದರ ಹಿಂದೆ ಓಡಿದರು, ಖಾಲಿ ಗೋಲಿಗೆ ಚೆಂಡು ತಳ್ಳಿದರು. 0–2. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬಾಗಿಲು ಹಾಕುವುದಿರಲಿ, ಬಾಗಿಲು ಕಾಯುವವನೇ ಕೊಳ್ಳೆ ಹೊಡೆಯಲು ಹೋಗಿದ್ದ. ಇನ್ನೊಂದು ಸ್ವಾರಸ್ಯ: ಸನ್ ಹದಿಹರೆಯದಲ್ಲೇ ಹ್ಯಾಂಬರ್ಗ್‌ಗೆ ಬಂದು ಆಟ ಕಲಿತವರು. ಗುರುದಕ್ಷಿಣೆ ಸಲ್ಲಿಸಿದರು ಎನ್ನೋಣ. ಅತ್ತ ಮೆಕ್ಸಿಕೋ ಅದೇ ದಿನ ಸ್ವೀಡನ್‌ಗೆ 0–3ರಿಂದ ಸೋತಿದ್ದರೂ, ಜರ್ಮನಿ ಸೋತಿದ್ದರಿಂದ ಮುಂದಿನ ಸುತ್ತಿಗೆ ಹೋಯಿತು. ಮೆಕ್ಸಿಕೋ ನಗರದ ಅಭಿಮಾನಿಗಳು ದಕ್ಷಿಣ ಕೊರಿಯಾ ರಾಯಭಾರ ಕಚೇರಿಯ ಮುಂದೆ ಸೇರಿ ಕುಣಿದರು.

ಇಲ್ಲಿಯವರೆಗೆ ನಗೆ. ಇನ್ನು ಮುಂದಿನದಕ್ಕೆ ಸ್ವಲ್ಪ ಗಮನ ಕೊಡಿ.

ಸೋಲಿನ ಲೆಕ್ಕ ಕೇಳುವ ಸಮಯ ಬಂತು. ಕೋಚ್ ಲೋವ್ ತಮ್ಮ ಜಾಗದಲ್ಲೇ ಉಳಿದರು. ಬಾಗಿಲು ಬಿಟ್ಟುಹೋದವರಲ್ಲಿ ಹಲವರು ತಂಡದಲ್ಲೇ ಉಳಿದರು. ಬೈಗುಳದ ದೊಡ್ಡ ಪಾಲು ಬಿದ್ದದ್ದು ಓಜಿಲ್ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗೆ.

ಓಜಿಲ್ ಹುಟ್ಟಿದ್ದು ಜರ್ಮನಿಯ ಗೆಲ್ಸೆನ್‌ಕಿರ್ಖೆನ್‌ನಲ್ಲಿ, 1988ರಲ್ಲಿ. ಮನೆತನ ಟರ್ಕಿ ಮೂಲದ್ದು. ಜರ್ಮನಿಗಾಗಿ 92 ಪಂದ್ಯ ಆಡಿದವರು, 2014ರ ಕಪ್ ಗೆದ್ದ ತಂಡದಲ್ಲಿದ್ದವರು. ವಿಶ್ವಕಪ್‌ಗೆ ಮುಂಚೆ, ಮೇ ತಿಂಗಳಲ್ಲಿ, ಅವರೂ ಇಲ್ಕಾಯ್ ಗುಂಡೊವಾನ್ ಅವರೂ ಟರ್ಕಿಯ ಅಧ್ಯಕ್ಷ ಎರ್ಡೊವಾನ್ ಜೊತೆ ಫೋಟೊ ತೆಗೆಸಿಕೊಂಡಿದ್ದರು. ಆ ಫೋಟೊ ಸರಿಯೇ ಎಂದು ಯಾರಾದರೂ ಕೇಳಬಹುದು, ಜಗಳವನ್ನೂ ಆಡಬಹುದು. ಅದು ರಾಜಕೀಯದ ಪ್ರಶ್ನೆ. ಆದರೆ ಮೆಕ್ಸಿಕೋ ವಿರುದ್ಧ ಬಲಬದಿ ಖಾಲಿ ಬಿದ್ದದ್ದು ಆ ಫೋಟೊದಿಂದಲ್ಲ. ತಂಡದ ವ್ಯವಸ್ಥಾಪಕ ಒಲಿವರ್ ಬಿಯರ್‌ಹೋಫ್ ಒಂದು ಸಂದರ್ಶನದಲ್ಲಿ, ಓಜಿಲ್ ಇಲ್ಲದೆ ಹೋಗುವ ಯೋಚನೆ ಮಾಡಬೇಕಿತ್ತೇನೋ ಎಂಬ ಅರ್ಥದ ಮಾತಾಡಿದರು. ಆಮೇಲೆ, ತಾವು ಹೇಳಬೇಕೆಂದದ್ದು ಸರಿಯಾಗಿ ಬರಲಿಲ್ಲ ಎಂದರು. ಜುಲೈ 22ರಂದು ಓಜಿಲ್ ರಾಷ್ಟ್ರೀಯ ತಂಡ ಬಿಟ್ಟರು. ಬಿಡುವಾಗ ಅವರು ಹೇಳಿದ್ದರ ತಿರುಳು ಇದು: ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ.

ಈ ಮಾತು ಕೇಳಿದಾಗ ನಿಮ್ಮಲ್ಲಿ ಹಲವರಿಗೆ ಹೊಟ್ಟೆಯಲ್ಲಿ ಏನೋ ಚುರುಕ್ ಎಂದಿರಬಹುದು. ಶಾಲೆಯಲ್ಲಿ ಬಹುಮಾನ ಬಂದಾಗ ‘ನಮ್ಮ ಹುಡುಗಿ’, ಸಣ್ಣ ಜಗಳವಾದಾಗ ‘ನಿಮ್ಮ ದೇಶ ಯಾವುದು?’ ಹೆಸರು ಉದ್ದ ಇರುವವರಿಗೆ, ಚರ್ಮದ ಬಣ್ಣ ಬೇರೆ ಇರುವವರಿಗೆ ಇದು ಹೊಸ ಕಥೆಯಲ್ಲ. ಜರ್ಮನಿಯದೊಂದೇ ಕಥೆಯೂ ಅಲ್ಲ. 2021ರ ಜುಲೈ 11ರಂದು ಲಂಡನ್ನಿನಲ್ಲಿ ನಡೆದ ಯುರೋ ಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿದ ಇಂಗ್ಲೆಂಡಿನ ರಾಶ್‌ಫರ್ಡ್, ಸ್ಯಾಂಚೊ, ಸಾಕಾ ಮೂವರ ಮೇಲೂ ಅದೇ ರಾತ್ರಿ ಜನಾಂಗೀಯ ನಿಂದನೆಯ ಮಳೆ ಸುರಿಯಿತು.

ಓಜಿಲ್ ಅವರೇ ರೋಗ ಆಗಿದ್ದರೆ, ಅವರು ಹೋದ ಮೇಲೆ ತಂಡ ಗುಣವಾಗಬೇಕಿತ್ತು. ಆಯಿತೇ? 2022ರ ಕತಾರ್ ವಿಶ್ವಕಪ್‌ಗೆ ಹೋಗೋಣ. ಹೊಸ ಕೋಚ್ ಹಾನ್ಸಿ ಫ್ಲಿಕ್. ನವೆಂಬರ್ 23ರಂದು ಜಪಾನ್ ಎದುರು ಗುಂಡೊವಾನ್ ಪೆನಾಲ್ಟಿ ಹೊಡೆದು ಮುನ್ನಡೆ ಕೊಟ್ಟರು. ಫೋಟೊ ಕಾರಣಕ್ಕೆ 2018ರಲ್ಲಿ ಸ್ವಂತ ಅಭಿಮಾನಿಗಳೇ ಛೀಮಾರಿ ಹಾಕಿದ್ದ ಅದೇ ಗುಂಡೊವಾನ್. 75ನೇ ನಿಮಿಷದಲ್ಲಿ ರಿತ್ಸು ದೋಆನ್ ಸಮ ಮಾಡಿದರು. 83ನೇ ನಿಮಿಷದಲ್ಲಿ ಜಪಾನ್ ತನ್ನ ಅರ್ಧದಿಂದಲೇ ಒಂದು ಉದ್ದನೆಯ ಫ್ರೀಕಿಕ್ ಒದ್ದಿತು. ಇಲ್ಲಿ ಆಫ್‌ಸೈಡ್ ನಿಯಮ ನೆನಪಿಸಿಕೊಳ್ಳಿ. ರಕ್ಷಕರೆಲ್ಲ ಒಂದೇ ಸಾಲಿನಲ್ಲಿ ಮುಂದೆ ಬಂದರೆ ಅವರ ಹಿಂದೆ ನಿಂತ ಎದುರಾಳಿ ಸಿಕ್ಕಿಬೀಳುತ್ತಾನೆ. ಒಬ್ಬ ಹಿಂದೆ ಉಳಿದರೂ ಬಲೆ ಹರಿಯಿತು. ನಿಕ್ಲಾಸ್ ಝೂಲೆ ಹಿಂದೆ ಉಳಿದಿದ್ದರು. ತಕುಮಾ ಅಸಾನೊ ಚೆಂಡನ್ನು ಕಾಲಲ್ಲಿ ಹಿಡಿದು, ಇಕ್ಕಟ್ಟಾದ ಕೋನದಿಂದ ನೊಯರ್ ತಲೆಯ ಪಕ್ಕದಲ್ಲೇ ಒಳಗೆ ಒದ್ದರು. 1–2. ಆಗ ದೋಆನ್ ಆಡುತ್ತಿದ್ದದ್ದು ಫ್ರೈಬುರ್ಗ್‌ಗೆ, ಅಸಾನೊ ಬೋಖುಮ್‌ಗೆ. ಇಬ್ಬರಿಗೂ ಸಂಬಳ ಬರುತ್ತಿದ್ದದ್ದು ಜರ್ಮನಿಯಿಂದಲೇ!

ಆಮೇಲೆ ಸ್ಪೇನ್ ಜೊತೆ 1–1. ಕೋಸ್ಟರಿಕಾ ವಿರುದ್ಧ 4–2ರ ಗೆಲುವು, ಅದೂ ನಡುವೆ ಹಿನ್ನಡೆಯಲ್ಲಿದ್ದು. ಸ್ಪೇನ್‌ನಷ್ಟೇ ನಾಲ್ಕು ಅಂಕ ಬಂದರೂ ಗೋಲು ವ್ಯತ್ಯಾಸದಲ್ಲಿ ಹಿಂದೆ ಬಿದ್ದು ಮತ್ತೆ ಗುಂಪು ಹಂತದಿಂದಲೇ ಮನೆಗೆ. ಮೂರು ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲು ಐದು, 2018ಕ್ಕಿಂತ ಒಂದು ಹೆಚ್ಚು. ಸಾಲದೆಂಬಂತೆ 2023ರ ಸೆಪ್ಟೆಂಬರ್‌ನಲ್ಲಿ ಜಪಾನ್ ತಂಡವನ್ನು ವೋಲ್ಫ್ಸ್‌ಬುರ್ಗ್‌ಗೆ ಕರೆಸಿಕೊಂಡು 1–4ರಿಂದ ಸೋತರು. ಮರುದಿನವೇ ಫ್ಲಿಕ್ ಕೆಲಸ ಹೋಯಿತು. ಎಮ್ಮೆಗೆ ಬರೆ ಹಾಕಿ ಐದು ವರ್ಷವಾಗಿತ್ತು. ಎತ್ತಿನ ಜ್ವರ ಇಳಿದಿರಲಿಲ್ಲ.

ಫುಟ್‌ಬಾಲ್‌ನಲ್ಲಿ ಗೋಲು ಹೊಡೆಯುವುದಕ್ಕೆ ಕೆಲವೊಮ್ಮೆ ಒಬ್ಬ ಸಾಕು. ಗೋಲು ತಡೆಯುವುದು ಮಾತ್ರ ಹನ್ನೊಂದು ಜನರ ಕೆಲಸ. ಆದ್ದರಿಂದ ಗೋಲು ಬಿಟ್ಟುಕೊಟ್ಟ ನಾಚಿಕೆಯೂ ಹನ್ನೊಂದು ಜನರದು, ಅವರನ್ನು ಕಳಿಸಿದ ಕೋಚ್‌ನದು ಕೂಡ. ಅದನ್ನು ಒಬ್ಬನ ತಲೆಗೆ ಕಟ್ಟಿದರೆ ಆಗುವುದು ಎರಡು ಅನ್ಯಾಯ. ಆ ಒಬ್ಬನಿಗೆ ನೋವು, ತಂಡಕ್ಕೆ ಬಾಗಿಲು ಎಲ್ಲಿ ತೆರೆದಿದೆ ಎಂಬುದೇ ತಿಳಿಯದ ಕುರುಡು.

ಹಾಗಾದರೆ ಗೇಲಿ ಮಾಡಬಾರದೇ? ಖಂಡಿತ ಮಾಡಿ. ನೀವು ಬೆಳೆದ ದೇಶದ ತಂಡ ಅದು. ಮನೆಯವರನ್ನು ಆಡಿಕೊಳ್ಳುವ ಹಕ್ಕು ಮನೆಯವರಿಗೇ ಹೆಚ್ಚು. ಅಜ್ಜಿ ಸೊಸೆಯಂದಿರ ಸಾರಿಗೆ ಹೆಸರಿಟ್ಟಂತೆ ನೀವೂ ಧಾರಾಳವಾಗಿ ಹೆಸರಿಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಅಪ್ಪ ಅಮ್ಮ ಯಾವ ಊರಿಂದ ಬಂದರೆಂದು ಹೇಳಬೇಕಾದ್ದೂ ಇಲ್ಲ.

ಒಂದೇ ಕಿವಿಮಾತು. ಮುಂದಿನ ಸೋಲಿನ ರಾತ್ರಿ ನಿಮ್ಮ ಫೋನಿಗೆ ಮೀಮ್‌ಗಳು ಬಂದು ಬೀಳುತ್ತವೆ. ಮುಂದಕ್ಕೆ ಕಳಿಸುವ ಮುಂಚೆ ಒಂದು ಕ್ಷಣ ನೋಡಿ: ಅದು ನಗುತ್ತಿರುವುದು ಖಾಲಿ ಬಿದ್ದ ಬಲಬದಿಯನ್ನು ನೋಡಿಯೋ, ಅಥವಾ ಅಲ್ಲಿಗೆ ಓಡಿಬಂದವನ ಹೆಸರು ನೋಡಿಯೋ? ಮೊದಲನೆಯದಾದರೆ ನನಗೂ ಒಂದು ಕಳಿಸಿ.